ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳಿಗೂ ವಾಹನ ದುರಸ್ತಿಯ ಕಸುಬು

ಹೈನುಗಾರ ಸಹೋದರಿಯರೇ,

ಹಾಲಿನ ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಕ್ಯಾನಿನೊಳಗಿನ ಹಾಲು ಯಾರಿಗೂ ಕಾಯುವುದಿಲ್ಲ. ಆ ಹೊತ್ತಿಗೆ ಬೇಕಾಗುವುದು ಗ್ಯಾರೇಜಿನ ಮೇಸ್ತ್ರಿ. ಆ ಮೇಸ್ತ್ರಿ ನಿಮ್ಮ ಮಗನೋ ಮಗಳೋ ಏಕಾಗಬಾರದು?

ಕೆಲಸ ನಮ್ಮಲ್ಲೇ ಇದೆ

ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬು ಎಳೆಯುವ ಟ್ರ್ಯಾಕ್ಟರ್‌ಗಳಿವೆ. ದಾಂಡೇಲಿಯಲ್ಲಿ ಕಾಗದ ಕಾರ್ಖಾನೆಯ ಲಾರಿಗಳು, ಪ್ರವಾಸಿಗರ ಜೀಪುಗಳಿವೆ. ಮುಂಡಗೋಡದಲ್ಲಿ ಭತ್ತ, ಗೋವಿನಜೋಳದ ಹೊಲಗಳಿಗೆ ಟ್ರ್ಯಾಕ್ಟರ್ ಬೇಕು. ಜೋಯಿಡಾದ ಏರಿಳಿತದ ರಸ್ತೆಗಳಲ್ಲಿ ಬೈಕಿನ ಬ್ರೇಕು, ಕ್ಲಚ್ಚು ಬೇಗ ಸವೆಯುತ್ತವೆ. ಎಲ್ಲವಕ್ಕೂ ದುರಸ್ತಿ ಮಾಡುವ ಕೈ ಬೇಕು.

ಆದರೆ ಎಷ್ಟೋ ಹುಡುಗರು ಶಾಲೆ ಬಿಟ್ಟು ಹುಬ್ಬಳ್ಳಿಗೋ ಗೋವೆಗೋ ಹೋಗಿ ಗ್ಯಾರೇಜಿನಲ್ಲಿ ಹೆಲ್ಪರ್ ಆಗುತ್ತಾರೆ. ಕೈಗೆ ಕೆಲಸ ಬರುತ್ತದೆ, ಪ್ರಮಾಣಪತ್ರ ಬರುವುದಿಲ್ಲ. ಮೇಲಾಗಿ, 2020ರ ಏಪ್ರಿಲ್ 1ರಿಂದ ಹೊಸ ಬೈಕು, ಕಾರು, ಲಾರಿಗಳಿಗೆ ಬಿಎಸ್-6 ನಿಯಮ ಬಂದಿದೆ. ಹೊಸ ಬೈಕುಗಳಲ್ಲಿ ಹೆಚ್ಚಿನವುಗಳಿಗೆ ಕಾರ್ಬೋರೇಟರ್ ಇಲ್ಲ. ಸೆನ್ಸರ್, ಫ್ಯೂಯೆಲ್ ಇಂಜೆಕ್ಷನ್ ಇವೆ. ಪಾನಾ ತಿರುಗಿಸಲು ಬಂದರೆ ಸಾಲದು, ಸ್ಕ್ಯಾನರ್ ತೋರಿಸುವುದನ್ನು ಓದಲೂ ಬರಬೇಕು. ಅದಕ್ಕೇ ಕ್ರಮಬದ್ಧ ತರಬೇತಿ ಬೇಕು ಎನ್ನುವುದು.

ದಾರಿಗಳು ಯಾವುವು?

1. ಐಟಿಐ: ವಿಜ್ಞಾನ, ಗಣಿತ ಓದಿ ಎಸ್ಸೆಸ್ಸೆಲ್ಸಿ ಪಾಸಾದವರು ಮೆಕ್ಯಾನಿಕ್ ಡೀಸೆಲ್ (1 ವರ್ಷ) ಅಥವಾ ಮೆಕ್ಯಾನಿಕ್ ಮೋಟಾರ್ ವೆಹಿಕಲ್ (2 ವರ್ಷ) ಸೇರಬಹುದು. ಎಲ್ಲ ಐಟಿಐಗಳಲ್ಲೂ ಈ ವಿಭಾಗಗಳು ಇರುವುದಿಲ್ಲ. ಅರ್ಜಿ ತುಂಬುವ ಮೊದಲೇ ವಿಚಾರಿಸಿ.

2. ಅಪ್ರೆಂಟಿಸ್: ಐಟಿಐ ಮುಗಿದ ಮೇಲೆ ಸಾರಿಗೆ ಸಂಸ್ಥೆಯ ಡಿಪೋ, ಕಾರ್ಖಾನೆ, ಸರ್ವಿಸ್ ಸೆಂಟರ್‌ಗಳಲ್ಲಿ ಅವಕಾಶ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆಯಂತೆ ಈ ಅವಧಿಗೆ ಸ್ಟೈಪೆಂಡ್ ಕೊಡಲೇಬೇಕು.

3. ಆರ್‌ಸೆಟಿ: ಹಳಿಯಾಳದಲ್ಲೇ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ. ಆರ್‌ಸೆಟಿಗಳಲ್ಲಿ ಗ್ರಾಮೀಣ ಯುವಕ ಯುವತಿಯರಿಗೆ ತರಬೇತಿ, ಊಟ, ವಸತಿ ಉಚಿತ. ದ್ವಿಚಕ್ರ ವಾಹನ ದುರಸ್ತಿಯೂ ಆರ್‌ಸೆಟಿ ತರಬೇತಿಗಳಲ್ಲಿ ಒಂದು. ಮುಂದಿನ ತಂಡ ಯಾವಾಗ ಎಂದು ಕೇಳಿಕೊಳ್ಳಿ.

ಸ್ವಂತ ಗ್ಯಾರೇಜ್ ಆದರೆ

ಪಿಎಂಇಜಿಪಿ ಯೋಜನೆಯಲ್ಲಿ ಹಳ್ಳಿಯ ಮಹಿಳೆಗೆ 35% ಸಹಾಯಧನವಿದೆ, ಸ್ವಂತ ಪಾಲು 5%. ಲೆಕ್ಕ ಹಾಕಿ: 2 ಲಕ್ಷ ರೂಪಾಯಿಯ ಗ್ಯಾರೇಜಿಗೆ ನಿಮ್ಮ ಕೈಯಿಂದ 10,000, ಉಳಿದದ್ದು ಬ್ಯಾಂಕ್ ಸಾಲ. ಅದರಲ್ಲಿ 70,000 ಸಹಾಯಧನ. ಈ ಹಣ ಕೂಡಲೇ ಕೈಗೆ ಬರುವುದಿಲ್ಲ. 3 ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು, ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಆ 10,000 ಹಾಲಿನ ಬಟವಾಡೆಯಲ್ಲಿ ಉಳಿಸಬಹುದಾದ ಹಣವೇ.

ಹುಡುಗಿಗೆ ಇದು ಆದೀತೇ?

ದೆಹಲಿಯ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಶಾಂತಿ ದೇವಿ ಎಂಬುವರು ಮೊದಲು ಚಹಾ ಅಂಗಡಿ ನಡೆಸುತ್ತಿದ್ದರು. ಆಮೇಲೆ ಗಂಡನ ಜೊತೆ ಲಾರಿಗಳ ಟೈರ್ ಬಿಚ್ಚಿ, ಪಂಕ್ಚರ್ ತಿದ್ದಿ ದೇಶಕ್ಕೇ ಪರಿಚಿತರಾದರು. ಭಾರ ಎತ್ತಲು ಜಾಕ್ ಇದೆ. ಕಷ್ಟದ ಕೆಲಸವೆಂದರೆ ದೋಷ ಎಲ್ಲಿದೆ ಎಂದು ಹುಡುಕುವುದು. ಆಕಳು ಮೆಲುಕು ಹಾಕದಿದ್ದರೆ, ಎಮ್ಮೆಯ ಕಿವಿ ತಣ್ಣಗಾದರೆ ಏನೋ ಸರಿಯಿಲ್ಲ ಎಂದು ಮೊದಲು ಗುರುತಿಸುವವರು ನೀವು. ಅದನ್ನು ನೋಡುತ್ತಾ ಬೆಳೆದ ಮಗಳು ಇಂಜಿನ್ನಿನ ಸದ್ದನ್ನೂ ಗುರುತಿಸಲು ಕಲಿಯುತ್ತಾಳೆ.

ಒಂದು ಮಾತು ಮುಚ್ಚಿಡಬಾರದು. ಮೊದಲ ವರ್ಷದಲ್ಲೇ ದೊಡ್ಡ ಸಂಬಳ ಸಿಗುವುದಿಲ್ಲ, ಬಟ್ಟೆ ಎಣ್ಣೆಯಾಗುತ್ತದೆ. ಮಗಳನ್ನು ಸೇರಿಸುವ ಮುನ್ನ ನೀವೇ ಹೋಗಿ ಮೂರು ಸಂಗತಿ ನೋಡಿ ಬನ್ನಿ: ಹುಡುಗಿಯರಿಗೆ ಶೌಚಾಲಯ ಇದೆಯೇ, ಸಂಜೆ ಮನೆಗೆ ಬಸ್ಸಿದೆಯೇ, ವರ್ಕ್‌ಶಾಪಿನಲ್ಲಿ ನಿಜವಾಗಿ ಕೈಗೆ ಕೆಲಸ ಕೊಡುತ್ತಾರೆಯೇ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಮಗಳ ಮದುವೆಯ ಮಾತು ಎತ್ತುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವರಿಗೆ ಉತ್ತರ ಕೊಡುವ ಮೊದಲು ಅಂಕಪಟ್ಟಿ, ಆಧಾರ್ ಹಿಡಿದು ಮಗಳ ಜೊತೆ ಒಮ್ಮೆ ಐಟಿಐಗೆ ಹೋಗಿ ಬನ್ನಿ.