ಜೋಡಿಹಳಿ ಬೇಕೆಂದು ಕೇಳಿದವರಾರು? ಕಂಪೆನಿಗಳ ಲಾಬಿಯೂ ಸೆಬಿ ನಿಯಮವೂ

ಪಣಜಿ: ಮರ್ಮಗೋವಾ ಬಂದರಿನಲ್ಲಿ ಇಳಿಯುವ ಕಲ್ಲಿದ್ದಲು ಕುಳೆ, ಕ್ಯಾಸಲ್‌ರಾಕ್ ಮಾರ್ಗವಾಗಿ ಘಟ್ಟ ಹತ್ತಿ ಕರ್ನಾಟಕದ ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತದೆ. ವಾಸ್ಕೋದ ಕನ್ನಡಿಗರಿಗೆ ಅದರ ಕಪ್ಪು ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಈ ಮಾರ್ಗವನ್ನು ಜೋಡಿಹಳಿ ಮಾಡುವುದನ್ನು ವಿರೋಧಿಸಿ 2020ರ ನವೆಂಬರ್‌ನಲ್ಲಿ ಚಾಂದೋರ್‌ನಲ್ಲಿ ಸಾವಿರಾರು ಜನ ರಾತ್ರಿಯಿಡೀ ಹಳಿಯ ಬಳಿ ಸೇರಿದ್ದರು. ಮೊಲ್ಲೆಮ್ ಕಾಡಿನೊಳಗಿನ ಭಾಗಕ್ಕೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ನೀಡಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ 9ರಂದು ರದ್ದುಪಡಿಸಿತು. ಪಶ್ಚಿಮ ಘಟ್ಟಕ್ಕೆ ಹಾನಿ ಹೆಚ್ಚು, ಸಾಗಾಟದ ಲಾಭ ಅಲ್ಪ ಎಂದು ನ್ಯಾಯಾಲಯದ ಕೇಂದ್ರೀಯ ಉನ್ನತಾಧಿಕಾರ ಸಮಿತಿ ಮೊದಲೇ ಹೇಳಿತ್ತು.

ಆಗ ಊರೂರಲ್ಲಿ ಕೇಳಿಬಂದ ಪ್ರಶ್ನೆ ಒಂದೇ: ಇದು ಬೇಕೆಂದು ಸರಕಾರಕ್ಕೆ ಹೇಳಿದವರಾರು? ಇಂಥ ಕಂಪೆನಿಯೇ ಹೇಳಿತು ಎಂಬುದು ನನ್ನ ಆರೋಪವಲ್ಲ. ತಿಳಿಯುವ ದಾರಿ ಇದೆಯೇ ಎಂಬುದಷ್ಟೇ ಇಲ್ಲಿನ ವಿಷಯ.

ಅಮೆರಿಕದಲ್ಲಿ 1995ರ ಕಾನೂನಿನಂತೆ ಲಾಬಿಗೆ ಎಷ್ಟು ಖರ್ಚಾಯಿತೆಂದು ಬಹಿರಂಗಪಡಿಸಬೇಕು. ವಾಲ್‌ಮಾರ್ಟ್ ಭಾರತದ ಮಾರುಕಟ್ಟೆ ಪ್ರವೇಶದ ವಿಷಯದಲ್ಲೂ ಲಾಬಿ ನಡೆಸಿದ್ದು 2012ರಲ್ಲಿ ನಮಗೆ ಗೊತ್ತಾದದ್ದು ಅಲ್ಲಿನ ಕಾಗದಗಳಿಂದ! ನಮ್ಮಲ್ಲಿ ಅಂಥ ಕಾನೂನಿಲ್ಲ. 2013ರಲ್ಲಿ ಲೋಕಸಭೆಗೆ ಬಂದ ಖಾಸಗಿ ಮಸೂದೆ ಕಾನೂನಾಗಲಿಲ್ಲ.

ಇರುವುದು ಸೆಬಿಯ ಒಂದು ನಿಯಮ. ಷೇರುಪೇಟೆಯ ಮೊದಲ 1000 ಕಂಪೆನಿಗಳು 2022-23ರಿಂದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡುವುದು ಕಡ್ಡಾಯ. ಅದರ ಏಳನೆಯ ತತ್ವವೇ ಸರಕಾರದ ನೀತಿಯ ಮೇಲೆ ಪ್ರಭಾವ ಬೀರುವುದರ ಕುರಿತದ್ದು. ಕಂಪೆನಿ ಎಷ್ಟು ಉದ್ಯಮ ಸಂಘಗಳ ಸದಸ್ಯ, ಪ್ರಮುಖ ಹತ್ತು ಯಾವುವು ಎಂದು ಬರೆಯಲೇಬೇಕು. ಆದರೆ ಯಾವ ನೀತಿಗಾಗಿ, ಯಾವ ವಿಧಾನದಲ್ಲಿ ಒತ್ತಾಯಿಸಿತು ಎಂಬ ಅಂಕಣ ಐಚ್ಛಿಕ. ಖಾಲಿ ಬಿಟ್ಟರೆ ದಂಡವಿಲ್ಲ. ಮುಖ್ಯವಾದದ್ದನ್ನೇ ಇಷ್ಟವಿದ್ದರೆ ತುಂಬಿ ಎಂದಂತಾಯಿತು! ಉದ್ಯಮ ಸಂಘವೇ ಮನವಿ ಕೊಟ್ಟರಂತೂ ಕಂಪೆನಿಯ ಹೆಸರೇ ಬರುವುದಿಲ್ಲ.

ತೋರಣಗಲ್ಲಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸ್ಟೀಲ್ ಈ ಪಟ್ಟಿಯಲ್ಲಿದೆ. ಅದರ ವರದಿಯನ್ನು ಷೇರುಪೇಟೆಯ ಜಾಲತಾಣದಲ್ಲಿ ಯಾರೂ ಓದಬಹುದು. ರೈಲ್ವೆ ಇಲಾಖೆ ಸೆಬಿಯ ಕೈಗೆ ಸಿಗುವುದಿಲ್ಲ. ಅಲ್ಲಿಗೆ ಬಂದ ಮನವಿಪತ್ರಗಳ ಪ್ರತಿಗಾಗಿ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು.