ಕೃತಕ ಕೀಲಿನಲ್ಲಿ ಕೀವಾದರೆ

ರೋಣ, ನರಗುಂದ, ಗಜೇಂದ್ರಗಡಗಳ ವೃದ್ಧರು ಹುಬ್ಬಳ್ಳಿಗೋ ಗದಗಿಗೋ ಹೋಗಿ ಸೊಂಟಕ್ಕೆ ಕೃತಕ ಕೀಲು ಹಾಕಿಸಿಕೊಂಡು ಬರುವುದು ಈಗ ಅಪರೂಪವಲ್ಲ. ಇಂಗ್ಲೆಂಡಿನ ಚಾರ್ನ್ಲಿ ಮಹಾಶಯರು 1962ರಿಂದ ರೂಢಿಗೆ ತಂದ ಈ ಶಸ್ತ್ರಕ್ರಿಯೆ ಬಹುಮಟ್ಟಿಗೆ ಸುಖಾಂತವೇ. ಆದರೂ ನೂರರಲ್ಲಿ ಒಬ್ಬಿಬ್ಬರಿಗೆ ಕೀಲಿನಲ್ಲಿ ಕೀವಾಗುವುದುಂಟು.

ಗಾಯ ಒಸರಿದೊಡನೆ ಅಂಗಡಿಯಿಂದ ಆಂಟಿಬಯೋಟಿಕ್ ಗುಳಿಗೆ ತಂದು ನುಂಗಿಸುವ ಮನೆಗಳನ್ನು ನಾವು ಕಂಡಿದ್ದೇವೆ. ಒಸರು ನಿಂತಂತೆ ತೋರುತ್ತದೆ. ಸೂಕ್ಷ್ಮಜೀವಿಗಳಾದರೋ ಲೋಹದ ಮೇಲೆ ಲೋಳೆಯ ಪೊರೆ ಕಟ್ಟಿಕೊಂಡು ಒಳಗೇ ಅಡಗಿರುತ್ತವೆ. ಮುಂದೆ ಕೀಲಿನ ನೀರನ್ನು ತೆಗೆದು ಪರೀಕ್ಷಿಸಿದರೆ, ನುಂಗಿದ ಗುಳಿಗೆಯ ದೆಸೆಯಿಂದ ಅವುಗಳ ಗುರುತೇ ಸಿಕ್ಕದೆ ಹೋಗಬಹುದು.

ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚರಕಾಚಾರ್ಯರು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದರು. ಇಲ್ಲಿ ವೈದ್ಯನೆಂಬ ಪಾದವೊಂದೇ ಹಲವಾಗಬೇಕಾಗುತ್ತದೆ. ಜೀವಿ ಯಾವುದೆಂಬುದನ್ನು ಸೂಕ್ಷ್ಮಜೀವಿತಜ್ಞರು ಹೇಳಬೇಕು; ಅದಕ್ಕೆ ತಕ್ಕ ಔಷಧವನ್ನೂ ಅದರ ಅವಧಿಯನ್ನೂ ಸೋಂಕುರೋಗತಜ್ಞರು ಗೊತ್ತುಪಡಿಸಬೇಕು; ಕೀಲನ್ನು ತೊಳೆದು ಉಳಿಸುವುದೋ, ಅಥವಾ ಕಿತ್ತು, ಔಷಧ ಬೆರೆಸಿದ ಸಿಮೆಂಟನ್ನಿರಿಸಿ, ಕೆಲವು ವಾರಗಳ ಮೇಲೆ ಹೊಸದನ್ನು ಕೂಡಿಸುವುದೋ ಎಂಬುದನ್ನು ಅಸ್ಥಿವೈದ್ಯರು ಇವರೊಡನೆ ಕುಳಿತೇ ನಿರ್ಣಯಿಸಬೇಕು. ಚರ್ಮ ಸಾಲದೆ ಗಾಯ ಮುಚ್ಚದಿದ್ದರೆ ಪ್ಲಾಸ್ಟಿಕ್ ಶಸ್ತ್ರವೈದ್ಯರೂ ಬೇಕು. ಬಳಿಕ ನಡೆಯಲು ಕಲಿಸುವವರ ಶ್ರಮವೂ ಸಣ್ಣದಲ್ಲ.

ಇವರೆಲ್ಲರೂ ಒಂದೆಡೆ ದೊರೆಯುವುದು ದೊಡ್ಡ ಆಸ್ಪತ್ರೆಯಲ್ಲಿಯೇ. ಅಲ್ಲಿಗೆ ಹೋಗುವಾಗ ಮೊದಲ ಶಸ್ತ್ರಕ್ರಿಯೆಯ ಕಾಗದಪತ್ರಗಳನ್ನೂ, ಈವರೆಗೆ ನುಂಗಿಸಿದ ಗುಳಿಗೆಗಳ ಚೀಟಿಗಳನ್ನೂ ಮರೆಯದೆ ಒಯ್ಯಬೇಕು. ಚಳಿಜ್ವರ ಬಂದಿದ್ದರಂತೂ ನಾಳೆಯೆನ್ನದೆ ಆ ದಿನವೇ ಹೊರಡತಕ್ಕದ್ದು.