‘ಕರಪ್ಟ್’ ಎಂಬ ವಿಶೇಷಣ ಮತ್ತು ಕಂಬಂ ಕಣಿವೆಯ ಕನ್ನಡ

1901ರ ಮದರಾಸು ಜನಗಣತಿ ವರದಿಯು ಅನುಪ್ಪರ್ ಎಂಬ ಸಮುದಾಯವನ್ನು ಪರಿಚಯಿಸುತ್ತ, ಇವರು ಮಧುರೈ, ತಿರುನೆಲ್ವೇಲಿ ಮತ್ತು ಕೊಯಮತ್ತೂರು ಜಿಲ್ಲೆಗಳಲ್ಲಿ ಕಂಡುಬರುವ ಕನ್ನಡ ಒಕ್ಕಲು ಜನರೆಂದೂ, ಇವರ ಮೂಲನೆಲೆ ಬಹುಶಃ ಮೈಸೂರೆಂದೂ, ಇವರ ಭಾಷೆ ಕನ್ನಡದ ‘ಕರಪ್ಟ್’ ರೂಪವೆಂದೂ ಹೇಳಿತು. ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ 1909ರಲ್ಲಿ ಹೊರತಂದ ಏಳು ಸಂಪುಟಗಳ ಜಾತಿ-ಬುಡಕಟ್ಟುಗಳ ಕೋಶವು ಈ ಮಾತನ್ನು ಹಾಗೆಯೇ ಎತ್ತಿಕೊಂಡಿತು. ಇಂದಿನ ತೇನಿ ಮತ್ತು ದಿಂಡಿಗಲ್ ಜಿಲ್ಲೆಗಳು ಆಗ ಮಧುರೈ ಜಿಲ್ಲೆಗೆ ಸೇರಿದ್ದುದರಿಂದ ಕಂಬಂ ಕಣಿವೆಯ ಕನ್ನಡಕ್ಕೂ ಈ ವಿಶೇಷಣ ಅಂಟಿಕೊಂಡಿತು. ಯಾವ ಶಬ್ದ ಕೆಟ್ಟಿತ್ತು, ಯಾವ ಪ್ರತ್ಯಯ ಸವೆದಿತ್ತು ಎಂಬುದಕ್ಕೆ ಆ ವಾಕ್ಯದಲ್ಲಿ ಒಂದೂ ನಿದರ್ಶನವಿಲ್ಲ. ತೀರ್ಪು ಮಾತ್ರ ಇದೆ.

ಈ ವಾಕ್ಯವನ್ನು ಕನ್ನಡಿಸಹೊರಟವರಿಗೆ ಮೊದಲ ತೊಡಕೇ ಈ ಪದ. ‘ಕೆಟ್ಟ’ ಎನ್ನಬೇಕೆ, ‘ಭ್ರಷ್ಟ’ ಎನ್ನಬೇಕೆ, ‘ಅಪಭ್ರಂಶ’ ಎನ್ನಬೇಕೆ? ಮೂರರ ಹಿಂದೆಯೂ ಬೇರೆಬೇರೆ ರೂಪಕಗಳಿವೆ. ಇಂಗ್ಲಿಷ್ ಪದದ ಹಿಂದಿರುವುದು ಮುರಿಯುವ ರೂಪಕ. ಲ್ಯಾಟಿನ್ನಿನ ‘ರುಂಪೆರೆ’ ಎಂದರೆ ಮುರಿ, ಒಡೆ. ಅದಕ್ಕೆ ‘ಪೂರ್ತಿಯಾಗಿ’ ಎಂಬರ್ಥ ಕೊಡುವ ಉಪಸರ್ಗ ಸೇರಿ ‘ಕೊರ್ರುಂಪೆರೆ’ ಆಯಿತು. ‘ರಪ್ಚರ್’, ‘ಇಂಟರಪ್ಟ್’, ‘ಅಬ್ರಪ್ಟ್’ ಇದರ ಒಡಹುಟ್ಟುಗಳು. ಹದಿನಾಲ್ಕನೆಯ ಶತಮಾನದ ಇಂಗ್ಲಿಷಿನಲ್ಲಿ ಕಾಣಿಸಿಕೊಂಡ ‘ಕರಪ್ಟ್’ ಕೊಳೆತ ಮಾಂಸವನ್ನೂ ಹೇಳಿತು, ಕೆಟ್ಟ ನಡತೆಯನ್ನೂ ಹೇಳಿತು, ಲಂಚ ತಿನ್ನುವ ನ್ಯಾಯಾಧೀಶನನ್ನೂ ಹೇಳಿತು. ನಮ್ಮ ಪತ್ರಿಕೆಗಳು ‘ಭ್ರಷ್ಟಾಚಾರ’ ಎಂದು ಬರೆಯುವುದು ಈ ಕೊನೆಯ ಅರ್ಥವನ್ನೇ. ನಮ್ಮ ಚರ್ಚೆಗೆ ಬೇಕಾದದ್ದು ಗ್ರಂಥಸಂಪಾದನೆಯಲ್ಲಿ ನೆಲೆನಿಂತ ಅರ್ಥ: ಲಿಪಿಕಾರರ ಕೈಯಲ್ಲಿ ಕೆಟ್ಟುಹೋದ ಪಾಠ ‘ಕರಪ್ಟ್’. ಅಲ್ಲಿ ಅದು ನ್ಯಾಯವಾದ ಮಾತು. ಕವಿ ಬರೆದ ಮೂಲವೊಂದಿತ್ತು, ನಕಲು ಅದರಿಂದ ದೂರ ಸರಿಯಿತು. ಭಾಷೆಗೆ ಅದೇ ಪದವನ್ನು ಹಚ್ಚಿದಾಗ ಕೇಳಬೇಕಾದ ಪ್ರಶ್ನೆ ಒಂದೇ: ಮೂಲಪ್ರತಿ ಯಾವುದು?

ವರದಿಕಾರರಿಗೆ ಅದು ಮೈಸೂರಿನ, ಶಾಲಾಪುಸ್ತಕಗಳ ಕನ್ನಡವೇ ಆಗಿದ್ದಿರಬೇಕು. ಆದರೆ ಆ ಕನ್ನಡವೂ ಇನ್ನೊಂದರ ‘ಮುರಿದ’ ರೂಪವೇ. ಪಂಪನ ‘ಪಾಲ್’ ನಮ್ಮಲ್ಲಿ ‘ಹಾಲು’ ಆಗಿದೆ. ‘ಏೞ್’ ಎಂಬಲ್ಲಿನ ೞಕಾರ ಕಳೆದು ‘ಏಳು’ ಉಳಿದಿದೆ. ತಮಿಳು ಇಂದಿಗೂ ‘ಪಾಲ್’ ಎನ್ನುತ್ತದೆ. ಪ್ರಾಚೀನತೆಯೇ ಶುದ್ಧಿಯ ಅಳತೆಯಾದರೆ ಬೆಂಗಳೂರಿನ ಹಾಲು ಕೆಟ್ಟು ಶತಮಾನಗಳಾದವು. ಕಣಿವೆಯ ಕನ್ನಡವು ಇಂದಿನ ಶಿಷ್ಟಕನ್ನಡದಿಂದ ಒಡೆದು ಬಂದದ್ದಲ್ಲ. ಇವೆರಡೂ ಹಿಂದಿನ ಒಂದು ಸ್ಥಿತಿಯಿಂದ ಬೇರೆಬೇರೆ ದಾರಿ ಹಿಡಿದವು. (ದಾರಿ ಎಂದಾಗ ನೆನಪಾಗುವುದು: ಇಂಗ್ಲಿಷಿನ ‘ರೂಟ್’ ಪದವೂ ‘ರುಂಪೆರೆ’ಯಿಂದಲೇ ಹುಟ್ಟಿದೆ. ಒಡೆದು ತೆರೆದ ಹಾದಿ ಎಂಬುದು ಅದರ ಮೂಲಾರ್ಥ.)

ಸಂಸ್ಕೃತದ ರೂಪಕ ಬೀಳುವುದು. ‘ಭ್ರಂಶ’ ಎಂದರೆ ಜಾರಿ ಬೀಳುವಿಕೆ. ಪತಂಜಲಿ ಮಹಾಭಾಷ್ಯದಲ್ಲಿ ಒಂದೊಂದು ಸಾಧುಶಬ್ದಕ್ಕೂ ಅನೇಕ ಅಪಭ್ರಂಶಗಳುಂಟೆಂದು ಹೇಳಿ ಕೊಟ್ಟ ಉದಾಹರಣೆ ಹಸುವಿನದು: ‘ಗೌಃ’ ಎಂಬುದಕ್ಕೆ ಗಾವೀ, ಗೋಣೀ, ಗೋತಾ, ಗೋಪೋತಲಿಕಾ. ಅವನದೂ ತೀರ್ಪೇ, ಆದರೆ ಬಿದ್ದ ರೂಪಗಳನ್ನು ಹೆಸರಿಸುವ ಸೌಜನ್ಯ ಅವನಿಗಿತ್ತು. ಮುಂದೆ ಆ ಪದದ ಕಳಂಕವೇ ತೊಳೆದುಹೋಯಿತು. ಪುಷ್ಪದಂತನು ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, 965ರಲ್ಲಿ ಮುಗಿಸಿದ ಮಹಾಪುರಾಣದ ಭಾಷೆಯ ಹೆಸರೇ ಅಪಭ್ರಂಶ. ಹದಿಮೂರನೆಯ ಶತಮಾನದ ಕೇಶಿರಾಜನು ಸಂಸ್ಕೃತ ಶಬ್ದಗಳು ಕನ್ನಡದ ಜಾಯಮಾನಕ್ಕೆ ಒಗ್ಗುವ ಬಗೆಯನ್ನು ಅಪಭ್ರಂಶ ಪ್ರಕರಣವೆಂದೇ ಕರೆದು, ಅದಕ್ಕೆ ಸೂತ್ರ ಕಟ್ಟಿದ. ನಿಯಮವುಳ್ಳದ್ದನ್ನು ಕೆಟ್ಟದ್ದೆನ್ನಲು ವೈಯಾಕರಣನಿಗೆ ಕಾರಣವಿರಲಿಲ್ಲ. ಅವನಿಗಿಂತ ನಾಲ್ಕು ಶತಮಾನ ಹಿಂದೆಯೇ ಕವಿರಾಜಮಾರ್ಗವು ದೇಸಿಗಳ ವೈವಿಧ್ಯಕ್ಕೆ ಬೇಸತ್ತರೂ ‘ಕನ್ನಡಂಗಳ್’ ಎಂಬ ಬಹುವಚನವನ್ನು ಬಳಸಲು ಹಿಂಜರಿಯಲಿಲ್ಲ.

ವಸಾಹತು ವರದಿಯ ಮಾತಿನಲ್ಲಿ ಒಂದು ಅರಿಯದ ಹಾಸ್ಯವೂ ಉಂಟು. ಕನ್ನಡಕ್ಕೆ ಅದು ಬಳಸುವ ‘ಕ್ಯಾನರೀಸ್’ ಎಂಬ ಹೆಸರು ಪೋರ್ಚುಗೀಸರ ಬಾಯಲ್ಲಿ ರೂಪ ಬದಲಿಸಿ ಇಂಗ್ಲಿಷಿಗೆ ಬಂದದ್ದು. ಜಿಲ್ಲೆಗಳ ಹೆಸರು ‘ಮದುರಾ’, ‘ಟಿನ್ನೆವೆಲ್ಲಿ’. ಕಂಬಂ ಊರು ಅದೇ ಕಾಲದ ಕಾಗದಪತ್ರಗಳಲ್ಲಿ ‘ಕಂಬಮ್’ ಎಂದು ಉಚ್ಚರಿಸಲು ಯಾರಿಗೂ ತಿಳಿಯದ ಕಾಗುಣಿತದಲ್ಲಿದೆ. ಆಳುವವರು ತಿರುಚಿದರೆ ಭೂಪಟ, ಒಕ್ಕಲು ಜನ ತಿರುಚಿದರೆ ‘ಕರಪ್ಟ್’.

ಅದೇ ಕಾಲದ ದಾಖಲೆಗಳು ತಾವೇ ಒಂದು ಪ್ರತಿಸಾಕ್ಷ್ಯವನ್ನೂ ಉಳಿಸಿಕೊಟ್ಟಿವೆ. ಕಂಬಂನಲ್ಲಿ ಹೆಚ್ಚಿನ ಸಂಖ್ಯೆಯಲ್ಲಿರುವ ಇನ್ನೊಂದು ಕನ್ನಡ ಸಮುದಾಯ ಕಪ್ಪಿಲಿಯರದು. ಅವರ ಪವಿತ್ರ ದನದ ಹಿಂಡು ತಮಿಳಿನಲ್ಲಿ ‘ತಂಬಿರಾನ್ ಮಾಡು’. ಕನ್ನಡದಲ್ಲಿ ಅದರ ಹೆಸರು ‘ದೇವರು ಆವು’ ಎಂದು ಥರ್ಸ್ಟನ್ ಕೋಶ ದಾಖಲಿಸುತ್ತದೆ. ಆವು! ನಮ್ಮ ಶಿಷ್ಟಗದ್ಯ ಹಸು, ಆಕಳುಗಳಿಗೆ ಒಲಿದು ಎಂದೋ ಕೈಬಿಟ್ಟ ಹಳಗನ್ನಡದ ಶಬ್ದ. ತೆಲುಗಿನಲ್ಲಿ ‘ಆವು’ ಜೀವಂತವಾಗಿದೆ. ಕಣಿವೆಯಲ್ಲಿ ತೆಲುಗರೂ ಇದ್ದಾರೆ. ಆದ್ದರಿಂದ ಇದನ್ನು ಹಳೆಯದರ ಉಳಿಕೆಯೆಂದು ಖಚಿತವಾಗಿ ಹೇಳುವುದು ದುಡುಕಾದೀತು. ನೆರೆನುಡಿಯ ಒಡನಾಟ ಇದನ್ನು ಕಾಪಾಡಿರಲೂಬಹುದು. ಎರಡರಲ್ಲಿ ಯಾವುದೇ ನಿಜವಾಗಲಿ, ಇಲ್ಲಿ ಮುರಿದದ್ದೇನೂ ಇಲ್ಲ.

ಇದು ಹಳೆಯ ಕಡತದ ಜಗಳವಷ್ಟೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಗಡಿಯಾಚೆಯ ಕನ್ನಡವನ್ನು ಕೇಳಿದ ಕೂಡಲೇ ‘ತಮಿಳು ಬೆರೆತು ಹಾಳಾಗಿದೆ’ ಎನ್ನುವ ನಮ್ಮ ವಿದ್ವಜ್ಜನರು ಆ ವಿಶೇಷಣವನ್ನು ಇನ್ನೂ ಬಾಳಿಸುತ್ತಿದ್ದಾರೆ. ಜನಗಣತಿಯ ತಾಯ್ನುಡಿ ಕಲಮನ್ನು ತುಂಬಿಸುವುದು ಮನೆಯವರ ಹೇಳಿಕೆ. ತಮ್ಮ ಮನೆಮಾತು ನಿಜವಾದ ಕನ್ನಡವೇ ಅಲ್ಲವೆಂದು ನಂಬಿದವರು ಅಲ್ಲಿ ‘ತಮಿಳು’ ಎಂದು ಬರೆಸಿದರೆ ಆಶ್ಚರ್ಯಪಡುವಂತಿಲ್ಲ. ಆ ಮಾತನ್ನು ಮಕ್ಕಳಿಗೆ ದಾಟಿಸದಿದ್ದರೂ ಅಷ್ಟೇ.

ಇನ್ನು ಅನುವಾದದ ತೊಡಕು. ‘ಅಪಭ್ರಂಶ’ಕ್ಕೆ ಕೇಶಿರಾಜನ ಗೌರವವಿದೆ, ಅದನ್ನು 1901ರ ವಾಕ್ಯಕ್ಕೆ ದಾನ ಮಾಡುವುದು ಸಲ್ಲದು. ‘ಪ್ರಾದೇಶಿಕ ಪ್ರಭೇದ’ವೆಂದು ಮೃದುಗೊಳಿಸಿದರೆ ಇತಿಹಾಸವನ್ನು ಮುಚ್ಚಿಹಾಕಿದಂತೆ. ‘ಭ್ರಷ್ಟ ರೂಪ’ ಎಂದೇ ಅನುವಾದಿಸಿ, ಉದ್ಧರಣ ಚಿಹ್ನೆಯೊಳಗಿಟ್ಟು, ಅದರ ಕೆಳಗೆ ‘ದೇವರು ಆವು’ ಎಂಬ ಟಿಪ್ಪಣಿಯನ್ನು ಸೇರಿಸುವುದು ನನಗೆ ಸರಿಯೆನಿಸುತ್ತದೆ.